ಕೂಗುವ ಬಾಯಿ, ಆಲಿಸುವ ಕಿವಿ: ದನಿಯ ಮೂಲಕ ಮಂಗಗಳ ಸಮಾಜವನ್ನು ಅರಿತ ಬಗೆ

ಮಂಗಗಳಿಗೆ ಭಾಷೆಯಿದೆಯೇ ಎಂದು ಕೇಳಿದವರೆಲ್ಲ ಬಹುಕಾಲ ಮಂಗದ ಬಾಯಿಯ ಕಡೆಗೇ ನೋಡುತ್ತಿದ್ದರು. ಅದು ಎಷ್ಟು ಬಗೆಯ ದನಿ ಹೊರಡಿಸುತ್ತದೆ, ದನಿಗಳನ್ನು ಕೂಡಿಸಿ ಹೊಸದೊಂದನ್ನು ಹೇಳಬಲ್ಲುದೇ, ಕಲಿಸಿದರೆ ನಮ್ಮ ಮಾತನ್ನಾದರೂ ಆಡೀತೇ ಎಂಬುದರ ಸುತ್ತಲೇ ಚರ್ಚೆ ನಡೆಯುತ್ತಿತ್ತು. ಅಮೆರಿಕದ ವಿಜ್ಞಾನಿ ಡೊರೊತಿ ಚೆನಿ ಮತ್ತು ಅವರ ಪತಿಯೂ ಸಂಶೋಧನೆಯ ಜೊತೆಗಾರರೂ ಆದ ರಾಬರ್ಟ್ ಸೈಫಾರ್ತ್ ಆಫ್ರಿಕದ ಬಯಲುಗಳಲ್ಲಿ ದಶಕಗಳ ಕಾಲ ಮಾಡಿದ ಕೆಲಸ ಈ ನೋಟವನ್ನು ಬಾಯಿಯಿಂದ ಕಿವಿಯ ಕಡೆಗೆ ತಿರುಗಿಸಿತು. ಒಂದು ಮಂಗ ಕೂಗಿದಾಗ ಕೇಳಿಸಿಕೊಂಡ ಮಂಗಕ್ಕೆ ಏನು ತಿಳಿಯಿತು ಎಂಬುದು ಅವರ ಪ್ರಶ್ನೆ. ಪ್ರಶ್ನೆಯನ್ನು ಹೀಗೆ ಬದಲಿಸಿಕೊಂಡದ್ದರಿಂದಲೇ ಮಂಗಗಳ ದನಿ, ಅವುಗಳ ನೆನಪು, ನೆಂಟಸ್ತಿಕೆ, ಮೇಲುಕೀಳು, ಜಗಳ ಮತ್ತು ರಾಜಿ ಎಲ್ಲವೂ ಒಂದೇ ವಿಷಯದ ಬೇರೆ ಬೇರೆ ಮುಖಗಳೆಂದು ಕಾಣತೊಡಗಿದವು.

ಕೆನ್ಯಾದ ದಕ್ಷಿಣದಲ್ಲಿ, ಕಿಲಿಮಂಜಾರೊ ಪರ್ವತ ಎದುರಿಗೇ ಕಾಣುವ ಬಯಲಿನಲ್ಲಿ ಅಂಬೊಸೆಲಿ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿನ ವರ್ವೆಟ್ ಎಂಬ ಕಪ್ಪು ಮುಖದ ಸಣ್ಣ ಮಂಗಗಳು ಬೇರೆ ಬೇರೆ ಶತ್ರುಗಳನ್ನು ಕಂಡಾಗ ಬೇರೆ ಬೇರೆ ರೀತಿಯಲ್ಲಿ ಕೂಗುತ್ತವೆ ಎಂಬುದನ್ನು ಟಾಮಸ್ ಸ್ಟ್ರೂಸೇಕರ್ ಎಂಬ ಸಂಶೋಧಕರು 1967ರಲ್ಲೇ ದಾಖಲಿಸಿದ್ದರು. ಚಿರತೆಯನ್ನು ಕಂಡರೆ ಗಂಡು ಮಂಗ ಬೊಗಳಿದಂತೆ ಗಟ್ಟಿಯಾಗಿ, ಬಿಟ್ಟುಬಿಟ್ಟು ಕೂಗುತ್ತದೆ. ಹದ್ದನ್ನು ಕಂಡರೆ ಕೆಮ್ಮಿದಂಥ ಚಿಕ್ಕ ದನಿ ಬರುತ್ತದೆ. ಹಾವನ್ನು ಕಂಡರೆ ಚಟಚಟನೆ ಸದ್ದು ಮಾಡುತ್ತದೆ. ಕೇಳಿದ ಮಂಗಗಳು ಮಾಡುವುದೂ ಬೇರೆ ಬೇರೆಯೇ: ಮೊದಲನೆಯದಕ್ಕೆ ಮರವೇರುತ್ತವೆ, ಎರಡನೆಯದಕ್ಕೆ ಮೇಲೆ ನೋಡುತ್ತವೆ ಅಥವಾ ಪೊದೆಯೊಳಗೆ ನುಗ್ಗುತ್ತವೆ, ಮೂರನೆಯದಕ್ಕೆ ಹಿಂಗಾಲ ಮೇಲೆ ನಿಂತು ಸುತ್ತಲಿನ ಹುಲ್ಲನ್ನು ದಿಟ್ಟಿಸುತ್ತವೆ. ಈ ಉಪಾಯಗಳು ಒಂದರ ಜಾಗದಲ್ಲಿ ಇನ್ನೊಂದು ನಡೆಯುವಂಥವಲ್ಲ. ಹದ್ದು ಎರಗುತ್ತಿರುವಾಗ ಮರದ ತುದಿಗೆ ಹೋಗುವುದೂ, ಪೊದೆಯಲ್ಲಿ ಹೊಂಚುಹಾಕುವ ಚಿರತೆ ಇರುವಾಗ ಪೊದೆಗೆ ನುಗ್ಗುವುದೂ ಸಾವನ್ನು ಕರೆದುಕೊಂಡಂತೆ.

ಇಷ್ಟನ್ನು ನೋಡಿದ ಮಾತ್ರಕ್ಕೆ ಕೂಗಿಗೆ ಅರ್ಥವಿದೆ ಎಂದು ಹೇಳಲಾಗುವುದಿಲ್ಲ. ಆ ಕಾಲದ ಬಹುಪಾಲು ವಿಜ್ಞಾನಿಗಳು, ಪ್ರಾಣಿಗಳ ಕೂಗು ಅವುಗಳ ಭಾವಾವೇಶದ ಅಳತೆಯಷ್ಟೇ ಎಂದು ನಂಬಿದ್ದರು. ಹೆಚ್ಚು ಹೆದರಿದರೆ ಒಂದು ದನಿ, ಸ್ವಲ್ಪ ಹೆದರಿದರೆ ಇನ್ನೊಂದು. ಕೂಗು ಕೇಳಿದವರು ತಲೆಯೆತ್ತಿ ನೋಡುತ್ತಾರೆ, ಚಿರತೆಯನ್ನೋ ಹದ್ದನ್ನೋ ತಾವೇ ಕಂಡು ಓಡುತ್ತಾರೆ. ಕೂಗು ಹೇಳಿದ್ದು ‘ಹುಷಾರು’ ಎಂಬುದನ್ನು ಮಾತ್ರ. ಈ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಚಿರತೆ ಕಣ್ಣೆದುರಿಗೆ ಇರುವವರೆಗೂ ಮಂಗ ಓಡಿದ್ದು ಕೂಗು ಕೇಳಿಯೋ, ಚಿರತೆಯನ್ನು ಕಂಡೋ ಎಂದು ಹೇಳಲು ಸಾಧ್ಯವಿಲ್ಲ. ಹಾಗಾದರೆ ಚಿರತೆಯನ್ನು ತೆಗೆದುಹಾಕಿ ಕೂಗನ್ನು ಮಾತ್ರ ಉಳಿಸಬೇಕು.

ಕೇಂಬ್ರಿಜ್‌ನಲ್ಲಿ ಪ್ರಾಣಿವರ್ತನೆಯ ಅಧ್ಯಯನ ಮುಗಿಸಿ ಬಂದಿದ್ದ ಚೆನಿ ಮತ್ತು ಸೈಫಾರ್ತ್, ಹಕ್ಕಿಗಳ ಹಾಡಿನ ಅಧ್ಯಯನಕ್ಕೆ ಹೆಸರಾಗಿದ್ದ ಪೀಟರ್ ಮಾರ್ಲರ್ ಅವರೊಡನೆ ಸೇರಿ 1977ರಲ್ಲಿ ಅಂಬೊಸೆಲಿಯಲ್ಲಿ ಮಾಡತೊಡಗಿದ್ದು ಇದನ್ನೇ. ನಿಜವಾದ ಶತ್ರು ಬಂದಾಗ ಗುರುತು ಗೊತ್ತಿರುವ ಒಂದೊಂದು ಮಂಗದ ಕೂಗನ್ನು ಮುದ್ರಿಸಿಕೊಳ್ಳುವುದು, ಆಮೇಲೆ ಶತ್ರು ಯಾವುದೂ ಇಲ್ಲದ ನೆಮ್ಮದಿಯ ಹೊತ್ತಿನಲ್ಲಿ ಪೊದೆಯ ಹಿಂದೆ ಬಚ್ಚಿಟ್ಟ ಸ್ಪೀಕರ್‌ನಿಂದ ಅದನ್ನು ಕೇಳಿಸುವುದು, ಕೇಳಿಸುವ ಮೊದಲಿನ ಮತ್ತು ಅನಂತರದ ಕ್ಷಣಗಳನ್ನು ಚಿತ್ರೀಕರಿಸಿ ಹೋಲಿಸುವುದು. ಹೇಳಲು ಇದು ಸುಲಭ, ಮಾಡಲು ಬಹಳ ತಾಳ್ಮೆ ಬೇಕು. ಯಾವ ಮಂಗದ ದನಿಯನ್ನು ಕೇಳಿಸುತ್ತಾರೋ ಆ ಮಂಗ ಗುಂಪಿನ ಕಣ್ಣಿಗೆ ಬೀಳುವಂತಿರಬಾರದು, ಆದರೆ ದನಿ ಬಂದ ದಿಕ್ಕಿನಲ್ಲಿ ಅದು ಇರಬಹುದು ಎಂದು ನಂಬುವಂತಿರಬೇಕು. ಕೇಳುವ ಮಂಗ ಜಗಳದಲ್ಲಿಯೋ ಆಟದಲ್ಲಿಯೋ ಮುಳುಗಿರಬಾರದು. ಒಂದೇ ದನಿಯನ್ನು ಮೇಲಿಂದ ಮೇಲೆ ಕೇಳಿಸಿದರೆ ಮೋಸ ಬಯಲಾಗುತ್ತದೆ. ಇವೆಲ್ಲ ಕೂಡಿಬರುವ ಒಂದೆರಡು ನಿಮಿಷಕ್ಕಾಗಿ ದಿನಗಟ್ಟಲೆ ಕಾಯಬೇಕು.

1980ರಲ್ಲಿ ಪ್ರಕಟವಾದ ಫಲಿತಾಂಶ ನಿಚ್ಚಳವಾಗಿತ್ತು. ಚಿರತೆ ಇಲ್ಲದಿದ್ದರೂ ಚಿರತೆಯ ಕೂಗಿಗೆ ಮಂಗಗಳು ಮರವೇರಿದವು, ಹದ್ದಿನ ಕೂಗಿಗೆ ಆಕಾಶ ನೋಡಿದವು, ಹಾವಿನ ಕೂಗಿಗೆ ನೆಲ ನೋಡಿದವು. ಕೂಗಿನ ಗಟ್ಟಿತನವನ್ನು ಹೆಚ್ಚುಕಡಿಮೆ ಮಾಡಿದರೂ, ಅವಧಿಯನ್ನು ಹಿಗ್ಗಿಸಿ ಕುಗ್ಗಿಸಿದರೂ ಈ ಪ್ರತಿಕ್ರಿಯೆ ಬದಲಾಗಲಿಲ್ಲ. ಭಯದ ಪ್ರಮಾಣ ಮಾತ್ರವೇ ಅದರಲ್ಲಿದ್ದಿದ್ದರೆ ಹೀಗಾಗಬೇಕಿರಲಿಲ್ಲ.

ಈ ಸಂಶೋಧನೆ ಪ್ರಸಿದ್ಧವಾದ ಮೇಲೆ ‘ಮಂಗಗಳ ನಿಘಂಟು ಸಿಕ್ಕಿತು’ ಎಂಬ ಧಾಟಿಯ ಬರಹಗಳು ಬಂದವು, ಇಂದಿಗೂ ಬರುತ್ತವೆ. ಅವು ವಿಷಯವನ್ನು ದಾರಿತಪ್ಪಿಸುತ್ತವೆ ಎಂದೇ ನನ್ನ ಅನಿಸಿಕೆ. ಕೂಗಿದ ಮಂಗಕ್ಕೆ ‘ಚಿರತೆ’ ಎಂದು ಹೇಳುವ ಉದ್ದೇಶವಿತ್ತು ಎಂದು ಈ ಪ್ರಯೋಗ ತೋರಿಸಿಲ್ಲ. ಕೇಳಿದ ಮಂಗ ಆ ದನಿಯಿಂದ ಚಿರತೆಯ ಸುದ್ದಿಯನ್ನು ಪಡೆದುಕೊಳ್ಳಬಲ್ಲುದು ಎಂದು ಮಾತ್ರ ತೋರಿಸಿದೆ. ಈ ವ್ಯತ್ಯಾಸವನ್ನು ಬಿಟ್ಟುಬಿಟ್ಟರೆ ಮುಂದಿನದು ಯಾವುದೂ ಸರಿಯಾಗಿ ಅರ್ಥವಾಗುವುದಿಲ್ಲ.

ಮರಿಗಳನ್ನು ನೋಡಿದಾಗ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ವರ್ವೆಟ್ ಮರಿ ಹದ್ದಿನ ಕೂಗನ್ನು ಯಾರಿಂದಲೂ ಕಲಿಯುವುದಿಲ್ಲ, ಅದು ಹುಟ್ಟಿನಿಂದಲೇ ಬಂದದ್ದು. ಆದರೆ ಆ ಕೂಗನ್ನು ಅದು ಪಾರಿವಾಳಕ್ಕೂ ಹಾಕುತ್ತದೆ, ಗಾಳಿಗೆ ಉದುರುವ ಎಲೆಗೂ ಹಾಕುತ್ತದೆ. ಗಮನಿಸಬೇಕಾದ್ದೆಂದರೆ ಎಲೆಯನ್ನು ಕಂಡು ಹಾವಿನ ಕೂಗು ಹಾಕುವುದಿಲ್ಲ. ಮೇಲಿನಿಂದ ಬರುವುದು, ನೆಲದ ಮೇಲೆ ನಾಲ್ಕು ಕಾಲಲ್ಲಿ ನಡೆಯುವುದು, ಉದ್ದವಾಗಿ ಬಿದ್ದಿರುವುದು ಎಂಬ ಒರಟು ವಿಂಗಡಣೆ ಅದರಲ್ಲಿ ಮೊದಲೇ ಇರುತ್ತದೆ. ಮರಿ ಕೂಗಿದಾಗ ಹತ್ತಿರದ ದೊಡ್ಡ ಮಂಗಗಳು ತಲೆಯೆತ್ತಿ ನೋಡುತ್ತವೆ. ನಿಜವಾದ ಹದ್ದಾಗಿದ್ದರೆ ತಾವೂ ಕೂಗುತ್ತವೆ, ಪಾರಿವಾಳವಾಗಿದ್ದರೆ ಸುಮ್ಮನೆ ಮೇಯುತ್ತವೆ. ಕಾಲ ಕಳೆದಂತೆ ಮರಿಯ ಕೂಗು ನಿಜವಾದ ಬೇಟೆಹಕ್ಕಿಗಳಿಗಷ್ಟೇ ಸೀಮಿತವಾಗುತ್ತದೆ. ಕೂಗನ್ನು ಕೇಳಿ ತಕ್ಕಂತೆ ನಡೆದುಕೊಳ್ಳುವುದನ್ನೂ ಅದು ಕಲಿಯಲೇಬೇಕು. ಮೂರು ನಾಲ್ಕು ತಿಂಗಳ ಮರಿ ಯಾವ ಕೂಗು ಕೇಳಿದರೂ ತಾಯಿಯ ಬಳಿಗೆ ಓಡುತ್ತದೆ, ಆರೇಳು ತಿಂಗಳಾಗುವ ಹೊತ್ತಿಗೆ ದೊಡ್ಡವರಂತೆಯೇ ನಡೆದುಕೊಳ್ಳುತ್ತದೆ.

ಕೂಗು ಯಾರದು ಎಂಬುದೂ ಕೇಳುಗರಿಗೆ ಗೊತ್ತಾಗುತ್ತದೆ. ಅಂಬೊಸೆಲಿಯಲ್ಲಿಯೇ ಮಾಡಿದ ಇನ್ನೊಂದು ಪ್ರಯೋಗ ನನಗೆ ಎಚ್ಚರಿಕೆಯ ಕೂಗಿನ ಪ್ರಯೋಗಕ್ಕಿಂತಲೂ ಹೆಚ್ಚು ಮಹತ್ವದ್ದೆನಿಸುತ್ತದೆ. ಮೂರು ತಾಯಂದಿರು ಒಂದೆಡೆ ಕುಳಿತಿದ್ದಾರೆ, ಅವರ ಮರಿಗಳು ಕಣ್ಣಿಗೆ ಕಾಣದ ಜಾಗದಲ್ಲಿ ಆಡುತ್ತಿವೆ. ಸ್ಪೀಕರ್‌ನಿಂದ ಒಂದು ಮರಿಯ ಚೀರಾಟ ಕೇಳಿಸುತ್ತದೆ. ಆ ಮರಿಯ ತಾಯಿ ದನಿ ಬಂದ ಕಡೆಗೆ ಬೇಗನೆ, ಉಳಿದವರಿಗಿಂತ ಹೆಚ್ಚು ಹೊತ್ತು ನೋಡುತ್ತಾಳೆ, ಇಷ್ಟು ನಿರೀಕ್ಷಿಸಿದ್ದೇ. ಮಿಕ್ಕ ಇಬ್ಬರು ಹೆಣ್ಣುಗಳು ಆ ತಾಯಿಯ ಮುಖ ನೋಡುತ್ತಾರೆ, ಹಲವು ಬಾರಿ ಆಕೆ ಇನ್ನೂ ಅಲುಗಾಡುವ ಮೊದಲೇ. ಚೀರಿದ್ದು ಇಂಥ ಮರಿ, ಆ ಮರಿ ಇವಳದು ಎಂಬ ಎರಡು ಹೆಜ್ಜೆಯ ತಿಳಿವಳಿಕೆ ಇಲ್ಲದೆ ಕತ್ತು ಆ ಕಡೆಗೆ ತಿರುಗುವುದಿಲ್ಲ. ತನ್ನದಲ್ಲದ ಸಂಬಂಧಗಳನ್ನೂ ಮಂಗ ಲೆಕ್ಕವಿಟ್ಟಿದೆ ಎಂಬುದಕ್ಕೆ ಇಷ್ಟು ಸರಳವಾದ ಪುರಾವೆ ಬೇರೆ ಸಿಗುವುದು ಕಷ್ಟ.

ಕೂಗುವವರ ವಿಶ್ವಾಸಾರ್ಹತೆಯನ್ನೂ ಅವು ಲೆಕ್ಕವಿಡುತ್ತವೆ. ಬೇರೆ ಗುಂಪಿನ ಮಂಗಗಳು ಹತ್ತಿರ ಬಂದಾಗ ವರ್ವೆಟ್‌ಗಳು ಎರಡು ಬಗೆಯ ದನಿ ಮಾಡುತ್ತವೆ, ಒಂದು ಉದ್ದನೆಯ ಕಂಪಿಸುವ ದನಿ, ಇನ್ನೊಂದು ಒರಟಾದ ಚಟಚಟ. ಬೇರೆ ಗುಂಪು ಯಾವುದೂ ಇಲ್ಲದಾಗ ಒಂದೇ ಮಂಗದ ಮೊದಲನೆಯ ದನಿಯನ್ನು ಮತ್ತೆ ಮತ್ತೆ ಕೇಳಿಸಿದರೆ ಉಳಿದವು ಅದನ್ನು ಅಲಕ್ಷಿಸತೊಡಗುತ್ತವೆ. ಆಗ ಅದೇ ಮಂಗದ ಎರಡನೆಯ ದನಿಯನ್ನು ಕೇಳಿಸಿದರೆ ಅದನ್ನೂ ಅಲಕ್ಷಿಸುತ್ತವೆ. ಕಿವಿಗೆ ಅವೆರಡೂ ಪೂರ್ತಿ ಬೇರೆಯಾದರೂ ಎರಡರ ವಿಷಯ ಒಂದೇ. ಆದರೆ ಇನ್ನೊಂದು ಮಂಗದ ದನಿ ಕೇಳಿದರೆ ಮತ್ತೆ ಗಮನ ಕೊಡುತ್ತವೆ. ಹದ್ದಿನ ಕೂಗು, ಚಿರತೆಯ ಕೂಗುಗಳೊಡನೆ ಇದೇ ಪ್ರಯೋಗ ಮಾಡಿದಾಗ ಒಂದರ ಮೇಲಿನ ಅಪನಂಬಿಕೆ ಇನ್ನೊಂದಕ್ಕೆ ಹರಡಲಿಲ್ಲ. ಹೋಲಿಕೆ ದನಿಯಲ್ಲಿ ನಡೆದಿಲ್ಲ, ದನಿ ಏನನ್ನು ಕುರಿತದ್ದು ಎಂಬುದರಲ್ಲಿ ನಡೆದಿದೆ.

ಸಾಮಾಜಿಕ ಬುದ್ಧಿಯ ಈ ಎಳೆಯನ್ನು ಹಿಡಿದು ಚೆನಿ ಮತ್ತು ಸೈಫಾರ್ತ್ 1992ರಲ್ಲಿ ಬೋಟ್ಸ್ವಾನಾಕ್ಕೆ ಹೋದರು. ಒಕವಾಂಗೊ ನದಿ ಸಮುದ್ರ ಸೇರದೆ ಒಳನಾಡಿನಲ್ಲೇ ಕವಲಾಗಿ ಹರಡಿ ಇಂಗಿಹೋಗುವ ಪ್ರದೇಶದಲ್ಲಿ ಮೊರೆಮಿ ಎಂಬ ಅಭಯಾರಣ್ಯವಿದೆ. ನೆರೆ ಬಂದಾಗ ಅದು ಚಿಕ್ಕ ಚಿಕ್ಕ ದ್ವೀಪಗಳಾಗಿ ಒಡೆಯುತ್ತದೆ, ನಾಯಿಯಂಥ ಉದ್ದ ಮೂತಿಯ ದೊಡ್ಡ ಮಂಗಗಳಾದ ಬಬೂನ್‌ಗಳು ನೀರಿನಲ್ಲಿ ನಡೆದು ದ್ವೀಪದಿಂದ ದ್ವೀಪಕ್ಕೆ ಹೋಗುತ್ತವೆ, ಸಿಂಹ, ಚಿರತೆ, ಮೊಸಳೆಗಳ ಭಯ ಯಾವಾಗಲೂ ಇರುತ್ತದೆ. ಅಲ್ಲಿನ ಚಕ್ಮಾ ಬಬೂನ್‌ಗಳಲ್ಲಿ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಬಾಳಿ ಸಾಯುತ್ತವೆ, ಗಂಡುಗಳು ಪ್ರಾಯಕ್ಕೆ ಬಂದ ಮೇಲೆ ಬೇರೆ ಗುಂಪಿಗೆ ಹೋಗುತ್ತವೆ. ಹೆಣ್ಣಿನ ಸ್ಥಾನ ತಾಯಿಯಿಂದ ಬರುತ್ತದೆ: ಮೇಲಿನ ಮನೆತನದಲ್ಲಿ ಹುಟ್ಟಿದ ಎಳೆಯ ಮಗಳೂ ಕೆಳಗಿನ ಮನೆತನದ ಮುದುಕಿಗಿಂತ ಮೇಲೆ. ಈ ಶ್ರೇಣಿ ವರ್ಷಗಟ್ಟಲೆ ಕದಲುವುದಿಲ್ಲ. ಹೀಗೆ ಪ್ರತಿಯೊಂದು ಹೆಣ್ಣಿಗೂ ಎರಡು ವಿಳಾಸ, ಯಾವ ಮನೆತನ ಮತ್ತು ಯಾವ ಮೆಟ್ಟಿಲು.

ಈ ಎರಡನ್ನೂ ಬಬೂನ್‌ಗಳು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳುತ್ತವೆಯೇ ಎಂಬುದನ್ನು ತೋರ್‌ ಬರ್ಗ್‌ಮನ್, ಜಾಸಿಂಟಾ ಬೀನರ್ ಅವರೊಡನೆ ಸೇರಿ ಚೆನಿ ಮತ್ತು ಸೈಫಾರ್ತ್ 2003ರಲ್ಲಿ ಪ್ರಕಟಿಸಿದ ಪ್ರಯೋಗ ಪರೀಕ್ಷಿಸಿತು. ಬಬೂನ್‌ಗಳ ಜಗಳದಲ್ಲಿ ಮೇಲಿನದು ಬೆದರಿಕೆಯ ಗುಟುರು ಹಾಕುತ್ತದೆ, ಕೆಳಗಿನದು ಚೀರುತ್ತದೆ. ಮುದ್ರಿಸಿದ ಗುಟುರು ಮತ್ತು ಚೀರಾಟಗಳನ್ನು ಜೋಡಿಸಿ ಎಂದೂ ನಡೆಯದ ಜಗಳವೊಂದನ್ನು ಸೃಷ್ಟಿಸಬಹುದು: ಮೇಲಿನವಳು ಚೀರುತ್ತಿದ್ದಾಳೆ, ಕೆಳಗಿನವಳು ಗುಟುರು ಹಾಕುತ್ತಿದ್ದಾಳೆ. ಒಂದೇ ಮನೆತನದ ಇಬ್ಬರ ನಡುವೆ ಹೀಗೆ ತಲೆಕೆಳಗಾದರೆ ಕೇಳಿದ ಬಬೂನ್‌ಗಳು ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಎರಡು ಮನೆತನಗಳ ನಡುವೆ ತಲೆಕೆಳಗಾದರೆ ಸ್ಪೀಕರ್‌ನ ಕಡೆಗೆ ಗಣನೀಯವಾಗಿ ಹೆಚ್ಚು ಹೊತ್ತು ನೋಡಿದವು. ಅಕ್ಕ ತಂಗಿಯರ ಮುನಿಸು ಮನೆಯೊಳಗೇ ಮುಗಿಯಬಹುದು, ಮನೆತನಕ್ಕೆ ಮನೆತನ ಮಗುಚಿಬಿದ್ದರೆ ಗುಂಪಿನ ಎಲ್ಲರ ಸ್ಥಾನವೂ ಅಲುಗಾಡುತ್ತದೆ. ಆ ನೋಟದ ಕೆಲವು ಸೆಕೆಂಡುಗಳ ವ್ಯತ್ಯಾಸದಲ್ಲಿ, ಸಂಬಂಧ ಮತ್ತು ಶ್ರೇಣಿ ಎರಡನ್ನೂ ಒಂದರೊಳಗೊಂದು ಹೆಣೆದ ನಕ್ಷೆಯೊಂದು ಅವುಗಳ ತಲೆಯಲ್ಲಿರುವುದು ಕಾಣುತ್ತದೆ.

ದನಿ ತನಗಾಗಿ ಬಂದದ್ದೋ ಬೇರೆಯವರಿಗಾಗಿಯೋ ಎಂಬುದನ್ನು ಬಬೂನ್ ಹೇಗೆ ತಿಳಿಯುತ್ತದೆ? ಅದರ ಗುಟುರಿನಲ್ಲಿ ಯಾರ ಹೆಸರೂ ಇರುವುದಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಮುಂಚೆ ತನ್ನೊಡನೆ ಜಗಳವಾಡಿದವಳ ಬೆದರಿಕೆಯ ಗುಟುರು ಪೊದೆಯಾಚೆಯಿಂದ ಕೇಳಿಸಿದರೆ ಹೆಣ್ಣು ಬಬೂನ್ ಅದು ತನಗೇ ಎಂಬಂತೆ ಬೆದರಿ ದೂರ ಸರಿಯುತ್ತದೆ. ಅದೇ ಜೊತೆಗಾತಿ ಸ್ವಲ್ಪ ಮುಂಚೆ ತನ್ನ ಮೈಯ ಕೂದಲು ಬಿಡಿಸಿ ಹೇನು ಹೆಕ್ಕಿದ್ದರೆ, ಅದೇ ಗುಟುರು ಕೇಳಿದರೂ ನಿಶ್ಚಿಂತೆಯಿಂದ ಕುಳಿತಿರುತ್ತದೆ. ದನಿ ಒಂದೇ, ಅದಕ್ಕೆ ಅರ್ಥ ತುಂಬುವುದು ಇಬ್ಬರ ನಡುವೆ ಈಗಷ್ಟೇ ನಡೆದ ವ್ಯವಹಾರದ ನೆನಪು.

ಗುಟುರಿನಲ್ಲಿ ಮೆಲ್ಲನೆಯದೊಂದು ಬಗೆಯಿದೆ. ಮೇಲಿನ ಸ್ಥಾನದ ಹೆಣ್ಣು ಹತ್ತಿರ ಬಂದರೆ ಕೆಳಗಿನವಳಿಗೆ ಅವಳ ಉದ್ದೇಶ ಗೊತ್ತಾಗುವುದಿಲ್ಲ, ಮರಿಯನ್ನು ಮುಟ್ಟಿ ನೋಡಲು ಬಂದಳೋ, ಹೊಡೆಯಲು ಬಂದಳೋ. ಮೆಲ್ಲನೆ ಗುಟುರುತ್ತ ಬಂದರೆ ತಾಯಿ ಜಾಗ ಬಿಟ್ಟು ಏಳುವುದಿಲ್ಲ. ಜಗಳವಾದ ಮೇಲೆ ಹೊಡೆದವಳೇ ಬಂದು ಹೀಗೆ ಗುಟುರಿದರೆ ಹೊಡೆತ ತಿಂದವಳು ಮತ್ತೆ ಅವಳ ಹತ್ತಿರ ಸುಳಿಯುತ್ತಾಳೆ. ನಿಜವಾದ ರಾಜಿ ನಡೆಯದಿದ್ದರೂ ಸ್ಪೀಕರ್‌ನಿಂದ ಅವಳ ಗುಟುರನ್ನು ಕೇಳಿಸಿದಾಗಲೂ ಹೀಗೇ ಆಯಿತು. ಹೊಡೆದವಳ ಹತ್ತಿರದ ಸಂಬಂಧಿಕಳು ಗುಟುರಿದರೂ ಸಾಕಾಗುತ್ತದೆ ಎಂದು ಆಮೇಲಿನ ಪ್ರಯೋಗಗಳು ತೋರಿಸಿದವು.

ಇದೆಲ್ಲ ಏತಕ್ಕೆ ಬೇಕು ಎಂಬುದಕ್ಕೆ ಮೊರೆಮಿಯ ಸಿಲ್ವಿಯಾ ಎಂಬ ಹೆಣ್ಣು ಬಬೂನ್‌ನ ಕತೆಯನ್ನು ಹೇಳಬೇಕು. ಇಪ್ಪತ್ತಮೂರು ವರ್ಷದ ಸಿಲ್ವಿಯಾ ಮೇಲಿನ ಶ್ರೇಣಿಯವಳು, ಕೆಳಗಿನವರನ್ನು ಹತ್ತಿರಕ್ಕೆ ಸೇರಿಸದ ಗರ್ವಿಷ್ಠೆ. ಅವಳ ಆಪ್ತ ಜೊತೆಗಾತಿ ಮಗಳು ಸಿಯೆರಾ. ಸಿಯೆರಾಳನ್ನು ಸಿಂಹ ಕೊಂದ ಮೇಲೆ ಸಿಲ್ವಿಯಾ ತನಗಿಂತ ಬಹಳ ಕೆಳಗಿನ ಹೆಣ್ಣೊಬ್ಬಳ ಬಳಿಗೂ ಹೋಗಿ ಕೂದಲು ಬಿಡಿಸತೊಡಗಿದಳು. ಇದು ಒಬ್ಬಳ ಕತೆಯಷ್ಟೇ ಅಲ್ಲ. ಬಬೂನ್‌ಗಳ ಮಲದಲ್ಲಿ ಒತ್ತಡದ ಹಾರ್ಮೋನುಗಳಾದ ಗ್ಲುಕೊಕಾರ್ಟಿಕಾಯ್ಡ್‌ಗಳನ್ನು ಅಳೆದು ಆನ್ ಎಂಗ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತಿರದ ಸಂಬಂಧಿಯನ್ನು ಬೇಟೆಪ್ರಾಣಿಗೆ ಕಳೆದುಕೊಂಡ ಹೆಣ್ಣುಗಳಲ್ಲಿ ಅದರ ಪ್ರಮಾಣ ಏರಿತ್ತು. ಆಮೇಲೆ ಅವು ಹೆಚ್ಚು ಸಂಗಾತಿಗಳನ್ನು ಹುಡುಕಿಕೊಂಡಿದ್ದವು. ಗಟ್ಟಿಯಾದ, ಬಹುಕಾಲ ಬಾಳಿದ ಸ್ನೇಹವಿರುವ ಹೆಣ್ಣುಗಳು ಹೆಚ್ಚು ವರ್ಷ ಬದುಕುತ್ತವೆ ಎಂದು ಜೋನ್ ಸಿಲ್ಕ್ ಅವರೊಡನೆ ಈ ತಂಡ 2010ರಲ್ಲಿ ತೋರಿಸಿತು. ಯಾರು ಯಾರವರು, ಯಾರ ದನಿ ಯಾರಿಗೆ ಎಂದು ತಿಳಿಯುವ ಕಿವಿಗೆ ಆಯುಸ್ಸಿನ ಬೆಲೆಯಿದೆ.

ಹಾಗಾದರೆ ಇಷ್ಟೊಂದು ತಿಳಿಯಬಲ್ಲ ಪ್ರಾಣಿ ಇಷ್ಟು ಕಡಿಮೆ ಹೇಳುವುದೇಕೆ? ಗಂಟಲಿನ ರಚನೆಯೇ ಅಡ್ಡಿ ಎಂಬ ಹಳೆಯ ಉತ್ತರ ಈಗ ನಿಲ್ಲುವುದಿಲ್ಲ. 2016ರಲ್ಲಿ ಟೆಕಂಸೆ ಫಿಚ್ ಮತ್ತು ಸಂಗಡಿಗರು ಜೀವಂತ ಮಕಾಕ್ ಮಂಗದ ಬಾಯಿ, ನಾಲಿಗೆಗಳ ಚಲನೆಯನ್ನು ಎಕ್ಸ್‌ರೇ ವಿಡಿಯೊದಲ್ಲಿ ಸೆರೆಹಿಡಿದು, ಬೇರೆಬೇರೆಯಾಗಿ ಗುರುತಿಸಬಹುದಾದ ಸ್ವರಗಳನ್ನು ಹೊರಡಿಸಲು ಆ ಅಂಗಗಳು ಸಾಕು ಎಂದು ತೋರಿಸಿದರು. ಕೊರತೆ ಇರುವುದು ಅವನ್ನು ಇಚ್ಛೆಯಂತೆ ಆಡಿಸುವ ಮೆದುಳಿನ ಏರ್ಪಾಡಿನಲ್ಲಿ. ಸೆನೆಗಲ್‌ನಲ್ಲಿ ಯೂಲಿಯಾ ಫಿಷರ್ ಅವರ ತಂಡ ವರ್ವೆಟ್‌ನ ಹತ್ತಿರದ ಬಂಧುವಾದ ಹಸಿರು ಮಂಗಗಳ ಮೇಲೆ ಡ್ರೋನ್ ಹಾರಿಸಿದ ಪ್ರಯೋಗ, 2019ರದು, ಇದನ್ನು ಚೆನ್ನಾಗಿ ಕಾಣಿಸುತ್ತದೆ. ಎಂದೂ ಕಾಣದ ಆ ವಸ್ತುವಿಗೆ ಮಂಗಗಳು ಹಾಕಿದ ಕೂಗು ಹೊಸದಾಗಿರಲಿಲ್ಲ, ಪೂರ್ವ ಆಫ್ರಿಕದ ವರ್ವೆಟ್‌ಗಳ ಹದ್ದಿನ ಕೂಗನ್ನೇ ಬಹಳವಾಗಿ ಹೋಲುತ್ತಿತ್ತು. ಆದರೆ ಆಮೇಲೆ ಡ್ರೋನ್‌ನ ಸದ್ದನ್ನು ಮಾತ್ರ ಕೇಳಿಸಿದಾಗ ಅವು ಆಕಾಶ ನೋಡಿದವು. ಬಾಯಿ ಹಳೆಯದನ್ನೇ ಹೇಳಿತು, ಕಿವಿ ಹೊಸದನ್ನು ಕಲಿತಿತ್ತು.

ಇನ್ನೊಂದು ಕೊರತೆ ಎದುರಿನವರ ಮನಸ್ಸನ್ನು ಊಹಿಸುವುದರಲ್ಲಿದೆ. ಮೊರೆಮಿಯಲ್ಲಿ ಕಾಡಿನೊಳಗೆ ಹರಡಿ ನಡೆಯುವಾಗ ಗುಂಪಿನಿಂದ ತಪ್ಪಿಹೋದ ಬಬೂನ್ ಗಟ್ಟಿಯಾಗಿ ಕೂಗುತ್ತದೆ. ಒಬ್ಬರ ಹಿಂದೊಬ್ಬರು ಕೂಗುವುದನ್ನು ಕೇಳಿದರೆ ‘ಎಲ್ಲಿದ್ದೀರಿ’, ‘ಇಲ್ಲಿದ್ದೇವೆ’ ಎಂಬ ಸಂಭಾಷಣೆಯೇ ಅನಿಸುತ್ತದೆ. ಪ್ರಯೋಗ ಮಾಡಿದಾಗ ಅದು ಹಾಗಲ್ಲವೆಂದು ತಿಳಿಯಿತು. ಕಳೆದುಹೋದ ಮರಿಯ ಕೂಗನ್ನು ಕೇಳಿಸಿದಾಗ ತಾಯಿ ಆ ಕಡೆಗೆ ನೋಡುತ್ತಾಳೆ, ಕೆಲವೊಮ್ಮೆ ಆ ಕಡೆಗೆ ನಡೆಯುತ್ತಾಳೆ, ಆದರೆ ತಿರುಗಿ ಕೂಗುವುದು ಬಹುತೇಕ ತಾನೂ ಗುಂಪಿನಿಂದ ದೂರವಿದ್ದಾಗ ಮಾತ್ರ. ದನಿ ತನ್ನ ಮರಿಯದೆಂದು ಅವಳಿಗೆ ಗೊತ್ತು. ತಾಯಿ ಎಲ್ಲಿದ್ದಾಳೆಂದು ಮರಿಗೆ ಗೊತ್ತಿಲ್ಲ, ತಾನು ಒಂದು ಕೂಗು ಹಾಕಿದರೆ ಅದಕ್ಕೆ ತಿಳಿಯುತ್ತದೆ ಎಂಬುದು ಮಾತ್ರ ಅವಳಿಗೆ ಹೊಳೆಯುವುದಿಲ್ಲ. ಈ ದೃಶ್ಯವನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಪ್ರೀತಿಗೆ ಇಲ್ಲಿ ಕೊರತೆಯಿಲ್ಲ, ಉತ್ತರ ಕೊಡಲು ಬೇಕಾದ ಒಂದು ಬಗೆಯ ಕಲ್ಪನೆ ಇಲ್ಲ. ಬಂಧನದಲ್ಲಿದ್ದ ಮಕಾಕ್ ತಾಯಂದಿರ ಮೇಲೆ ಚೆನಿ ಮತ್ತು ಸೈಫಾರ್ತ್ ಇದಕ್ಕೂ ಮುಂಚೆ ಮಾಡಿದ್ದ ಪ್ರಯೋಗದಲ್ಲೂ ಹೀಗೇ ಕಂಡಿತ್ತು: ಅಪಾಯ ಮರಿಗೆ ಗೊತ್ತಿದ್ದರೂ ಗೊತ್ತಿರದಿದ್ದರೂ ತಾಯಿಯ ನಡವಳಿಕೆಯಲ್ಲಿ ವ್ಯತ್ಯಾಸವಿರಲಿಲ್ಲ.

ವಾನರವರ್ಗದಲ್ಲಿ ಈ ಗೆರೆ ಎಲ್ಲಿದೆ ಎಂಬುದು ಇನ್ನೂ ತೆರೆದ ಪ್ರಶ್ನೆ. ಉಗಾಂಡಾದ ಬುಡೊಂಗೊ ಕಾಡಿನಲ್ಲಿ ಕ್ಯಾಥರೀನ್ ಕ್ರಾಕ್‌ಫರ್ಡ್ ಮತ್ತು ಸಂಗಡಿಗರು ಚಿಂಪಾಂಜಿಗಳು ಓಡಾಡುವ ದಾರಿಯಲ್ಲಿ ವಿಷದ ಹಾವಿನ ಪ್ರತಿಕೃತಿಯನ್ನಿಟ್ಟು ಕಾದರು. 2012ರಲ್ಲಿ ಅವರು ಪ್ರಕಟಿಸಿದಂತೆ, ಹಾವನ್ನು ಕಂಡ ಚಿಂಪಾಂಜಿ, ಹಿಂದೆ ಬರುತ್ತಿರುವ ಜೊತೆಗಾರರು ಅದನ್ನು ಈಗಾಗಲೇ ನೋಡಿದ್ದರೆ ಅಥವಾ ಅದರ ಎಚ್ಚರಿಕೆಯನ್ನು ಕೇಳಿದ್ದರೆ ಕಡಿಮೆ ಕೂಗುತ್ತದೆ. ಇನ್ನೂ ತಿಳಿಯದವರು ಬರುತ್ತಿದ್ದರೆ, ಅದರಲ್ಲೂ ಅವರು ಸ್ನೇಹಿತರಾಗಿದ್ದರೆ, ಕೂಗುವ ಸಂಭವ ಹೆಚ್ಚುತ್ತದೆ. ಮೊರೆಮಿಯ ತಾಯಿಗೆ ಹೊಳೆಯದೆ ಉಳಿದದ್ದರ ಕಡೆಗೆ ಆ ಚಿಂಪಾಂಜಿ ಒಂದು ಹೆಜ್ಜೆ ಇಟ್ಟಂತೆ ಕಾಣುತ್ತದೆ. ಅದು ಜೊತೆಗಾರನ ಅರಿವನ್ನೇ ಊಹಿಸಿತೋ, ಅವನ ನಡಿಗೆಯಲ್ಲಿ ಎಚ್ಚರ ಕಾಣದ್ದರಿಂದ ಕೂಗಿತೋ ಎಂಬುದರ ಮೇಲೆ ವಾದ ನಡೆದಿದೆ.